ಒಂದು ಗುಳಿಗೆ, ಎರಡು ಲೆಕ್ಕ

ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ತೆರೆದ ನಿಜಾಮರ ರೈಲುಮಾರ್ಗದಲ್ಲಿ ತಾಂಡೂರು, ವಿಕಾರಾಬಾದು, ಲಿಂಗಂಪಲ್ಲಿಗಳನ್ನು ಹಿಂದಿಕ್ಕಿ ಪೂರ್ವಾಭಿಮುಖವಾಗಿ ಬರುವ ಪ್ರಯಾಣಿಕನಿಗೆ ಬೇಗಂಪೇಟೆಗಿಂತ ತುಸು ಮೊದಲು ದೊರೆಯುವ ನಿಲ್ದಾಣ ಸನತ್‌ನಗರ. ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದು ರಾಜ್ಯಕ್ಕೇ ಸೇರಿದ್ದುವಾದುದರಿಂದ, ಆ ಸೀಮೆಯ ಕನ್ನಡಿಗರು ವಿದ್ಯೆಗಾಗಿ, ವ್ಯಾಜ್ಯಕ್ಕಾಗಿ, ಉದ್ಯೋಗಕ್ಕಾಗಿ, ಊರಿನ ವೈದ್ಯರು ಕೈಬಿಟ್ಟ ರೋಗಗಳ ಉಪಚಾರಕ್ಕಾಗಿ ರಾಜಧಾನಿಗೆ ಬಂದುದು ಬಹುಮಟ್ಟಿಗೆ ಈ ಹಳಿಗಳ ಮೇಲೆಯೇ. ರಾಜ್ಯಗಳ ಗಡಿ ಬದಲಾದ ಮೇಲೆಯೂ ಆ ಬರವು ನಿಂತಿಲ್ಲ. ಈ ನಿಲ್ದಾಣದ ಸುತ್ತಲಿನ ಕೆಲವೇ ಮೈಲುಗಳ ನೆಲದಲ್ಲಿ ಮಲೇರಿಯದ ರಹಸ್ಯ ಬಯಲಾದ ಕಟ್ಟಡವಿದೆ, ಸಂಸ್ಥಾನದ ಕಾಲದ ಲೋಹದ ಕಾರ್ಖಾನೆಯ ನೆಲೆಯಿದೆ, ಕಾರ್ಮಿಕ ವಿಮೆಯ ಆಸ್ಪತ್ರೆಯಿದೆ, ಸೋವಿಯತ್ ನೆರವಿನಿಂದ ಎದ್ದ ಔಷಧಸ್ಥಾವರದ ಆವರಣವಿದೆ. ಮನುಷ್ಯನು ತನ್ನ ನೋವನ್ನು ಕಳೆದುಕೊಳ್ಳಲು ಪಟ್ಟ ಪ್ರಯತ್ನದ ಇತಿಹಾಸವನ್ನು, ಅದರಲ್ಲಿಯೂ ಅಫೀಮಿನ ಸತ್ತ್ವವನ್ನೂ ಆಸ್ಪಿರಿನ್ನನ್ನೂ ಒಂದೇ ಗುಳಿಗೆಯಲ್ಲಿ ಕೂಡಿಸಿ ಕೊಡುವ ಪದ್ಧತಿಯ ಇತಿಹಾಸವನ್ನು ಹೇಳಹೊರಟವನಿಗೆ, ಇದಕ್ಕಿಂತ ಯೋಗ್ಯವಾದ ನೆಲೆ ದಕ್ಷಿಣದಲ್ಲಿ ಬೇರೊಂದು ನನಗೆ ತೋರದು.

1897ನೆಯ ಇಸವಿಯ ಆಗಸ್ಟ್ ತಿಂಗಳನ್ನು ಮೊದಲು ನೆನೆಯಬೇಕು. ಆ ತಿಂಗಳ 20ರಂದು ಬೇಗಂಪೇಟೆಯ ಸೇನಾ ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದ ರೊನಾಲ್ಡ್ ರಾಸ್ ಸೊಳ್ಳೆಯ ಜಠರಭಿತ್ತಿಯಲ್ಲಿ ಮಲೇರಿಯದ ಪರೋಪಜೀವಿಯನ್ನು ಕಂಡರು. ಅದಕ್ಕೆ ಹತ್ತು ದಿನ ಮೊದಲು, 10ರಂದು, ಜರ್ಮನಿಯ ಎಲ್ಬರ್‌ಫೆಲ್ಡಿನ ಬೇಯರ್ ಪ್ರಯೋಗಶಾಲೆಯಲ್ಲಿ ಫೆಲಿಕ್ಸ್ ಹಾಫ್‌ಮನ್ ಸ್ಯಾಲಿಸಿಲಿಕ್ ಆಮ್ಲಕ್ಕೆ ಅಸಿಟೈಲ್ ಎಂಬ ಅಂಶವನ್ನು ಕೂಡಿಸಿ, ಮುಂದೆ ಆಸ್ಪಿರಿನ್ ಎಂದು ಜಗತ್ತೆಲ್ಲ ಬಲ್ಲ ವಸ್ತುವನ್ನು ಶುದ್ಧರೂಪದಲ್ಲಿ ಪಡೆದಿದ್ದರು. ರಾಸ್ ಅವರ ದರ್ಶನವಾದ ಮಾರನೆಯ ದಿನ, 21ರಂದು, ಅದೇ ಹಾಫ್‌ಮನ್ ಅದೇ ಅಸಿಟೈಲ್ ಅಂಶವನ್ನು ಅಫೀಮಿನ ಸತ್ತ್ವವಾದ ಮಾರ್ಫಿನ್ನಿಗೆ ಕೂಡಿಸಿದರು. ಅದರಿಂದ ಹುಟ್ಟಿದುದು ಹೆರಾಯಿನ್. ಬೇಯರ್ ಸಂಸ್ಥೆ 1898ರಲ್ಲಿ ಹೆರಾಯಿನ್ನನ್ನು ಕೆಮ್ಮಿನ ಮದ್ದೆಂದೂ 1899ರಲ್ಲಿ ಆಸ್ಪಿರಿನ್ನನ್ನು ನೋವು ಜ್ವರಗಳ ಮದ್ದೆಂದೂ ಮಾರುಕಟ್ಟೆಗೆ ತಂದಾಗ, ಈ ಎರಡರಲ್ಲಿ ಯಾವುದು ಸಾಧು, ಯಾವುದು ಕ್ರೂರವೆಂಬುದು ಅಂದಿನ ವೈದ್ಯರಿಗೆ ತಿಳಿದಿರಲಿಲ್ಲ. ಒಂದು ಹದಿನೈದು ದಿನಗಳ ಅಂತರದಲ್ಲಿ, ಒಂದೇ ಕೈಯಿಂದ, ಒಂದೇ ರಾಸಾಯನಿಕ ಉಪಾಯದಿಂದ ರೂಪುಗೊಂಡ ಈ ಎರಡು ವಂಶಗಳು ಆಮೇಲೆ ಔಷಧಶಾಲೆಯ ಒಂದೇ ಕಪಾಟಿನಲ್ಲಿ ನೆರೆಹೊರೆಯಾಗಿ ಬಾಳಿದುವು. ಕೆಲವೊಮ್ಮೆ ಒಂದೇ ಗುಳಿಗೆಯೊಳಗೂ ಸೇರಿದುವು.

ಅಫೀಮಾದರೋ ಈ ದೇಶಕ್ಕೆ ಹೊಸದಲ್ಲ. ಶಾರ್ಙ್ಗಧರ ಸಂಹಿತೆಯು ಅಹಿಫೇನವನ್ನು ಭಂಗಿಯೊಡನೆ ವ್ಯವಾಯಿ ದ್ರವ್ಯಗಳ ಸಾಲಿನಲ್ಲಿ ಎಣಿಸಿದೆ. ಎಂದರೆ, ಜೀರ್ಣವಾಗುವುದಕ್ಕೆ ಮೊದಲೇ ದೇಹವನ್ನೆಲ್ಲ ವ್ಯಾಪಿಸಿ ತನ್ನ ಕೆಲಸವನ್ನು ತೋರುವಂಥದು. ಅಫೀಮಿನ ವೇಗವನ್ನು ಇಷ್ಟು ಅಡಕವಾಗಿ ಹೇಳಿದ ಲಕ್ಷಣವನ್ನು ನಾನು ಬೇರೆಡೆ ಕಂಡಿಲ್ಲ. ಹೈದರಾಬಾದಿನ ಯುನಾನಿ ಹಕೀಮರ ಬಳಿ ಅಫೀಮು ಸೇರಿದ ಬರ್ಷಾಶಾ ಎಂಬ ಲೇಹ್ಯವಿದ್ದಿತು. ಕೆಮ್ಮು, ನೆಗಡಿ, ನೋವುಗಳಿಗೆ ಅದನ್ನು ಬಟಾಣಿಯಷ್ಟೇ ಅಳತೆಯಲ್ಲಿ ಕೊಡುತ್ತಿದ್ದರು. ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಹಸುಗೂಸುಗಳು ಅಳದೆ ಮಲಗಿರಲೆಂದು ಬಾಲಗೋಲಿಯೆಂಬ ಅಫೀಮಿನ ಗುಳಿಗೆಯನ್ನು ತಿನ್ನಿಸಿ ಕೆಲಸಕ್ಕೆ ಹೋಗುತ್ತಿದ್ದುದು 1920ರ ದಶಕದ ವೈದ್ಯರನ್ನು ಬಹುವಾಗಿ ಕಾಡಿದ ಸಂಗತಿ. ಆ ತಾಯಂದಿರನ್ನು ದೂಷಿಸಲು ನನಗೆ ಮನಸ್ಸು ಬಾರದು: ರಜೆಯಿಲ್ಲದ ದುಡಿಮೆ ಎಲ್ಲಿದೆಯೋ ಅಲ್ಲಿ ಔಷಧವು ರಜೆಯ ಸ್ಥಾನವನ್ನು ಆಕ್ರಮಿಸುವುದು ಕಾರ್ಖಾನೆಗಳ ಯುಗದುದ್ದಕ್ಕೂ ನಡೆದುಬಂದಿದೆ. ಸರ್ಕಾರಕ್ಕೆ ಅಫೀಮು ದೊಡ್ಡ ಆದಾಯದ ಮೂಲವಾಗಿದ್ದಿತು. 1878ರ ಅಫೀಮು ಕಾಯಿದೆ, 1893ರಿಂದ 1895ರವರೆಗಿನ ರಾಯಲ್ ಕಮಿಷನ್ನು, 1930ರ ಅಪಾಯಕರ ಔಷಧಗಳ ಕಾಯಿದೆ ಇವೆಲ್ಲ ಬಂದರೂ, ಔಷಧಾರ್ಥವಲ್ಲದ ಸೇವನೆಯನ್ನು ಹತ್ತು ವರ್ಷಗಳಲ್ಲಿ ನಿಲ್ಲಿಸಬೇಕೆಂಬ ನಿರ್ಣಯಕ್ಕೆ ದೇಶವು ಬಂದುದು 1949ರಲ್ಲಿ.

ಇಂಗ್ಲಿಷ್ ವೈದ್ಯವು ಅಫೀಮನ್ನು ಕೊಟ್ಟ ರೂಪಗಳಲ್ಲಿ ಈ ದೇಶದ ದವಾಖಾನೆಗಳಿಗೆ ಅತ್ಯಂತ ಪರಿಚಿತವಾದುದು ಡೋವರನ ಪುಡಿ. ಥಾಮಸ್ ಡೋವರ್ ಎಂಬ ಆ ವೈದ್ಯನು ಹಡಗಿನ ಸಾಹಸಿಯೂ ಆಗಿದ್ದು, ನಿರ್ಜನ ದ್ವೀಪದಲ್ಲಿ ಒಂಟಿಯಾಗಿದ್ದ ಅಲೆಗ್ಸಾಂಡರ್ ಸೆಲ್‌ಕರ್ಕನನ್ನು 1709ರಲ್ಲಿ ಪಾರುಗಾಣಿಸಿದ ತಂಡದಲ್ಲಿದ್ದವನು. 1732ರಲ್ಲಿ ಅವನು ಪ್ರಕಟಿಸಿದ ಯೋಗವು ಇನ್ನೂರು ವರ್ಷಗಳಿಗೂ ಮಿಕ್ಕು ಬಳಕೆಯಲ್ಲಿ ಉಳಿಯಿತು. ಹತ್ತು ಗ್ರೇನ್ ಪುಡಿಯಲ್ಲಿ ಒಂದು ಗ್ರೇನ್ ಅಫೀಮು, ಒಂದು ಗ್ರೇನ್ ಇಪೆಕಾಕ್ ಬೇರು, ಉಳಿದುದು ನಿರುಪದ್ರವಿಯಾದ ಪೂರಕ. ಇಪೆಕಾಕ್ ಸೇರಿಸಿದುದು ಬೆವರು ಬರಿಸಲೆಂದೇ ಆದರೂ, ಆಸೆಯಿಂದಲೋ ಅಜ್ಞಾನದಿಂದಲೋ ಪುಡಿಯನ್ನು ಮಿತಿಮೀರಿ ನುಂಗಿದವನಿಗೆ ಅದು ಓಕರಿಕೆಯನ್ನು ತಂದು ತಡೆಯುತ್ತಿದ್ದುದರಿಂದ, ಅಫೀಮಿನ ಸುತ್ತ ಅದೊಂದು ಬೇಲಿಯೂ ಆಯಿತು. ಇಪ್ಪತ್ತನೆಯ ಶತಮಾನದಲ್ಲಿ ಆಸ್ಪಿರಿನ್ನು ಬಂದು ಡೋವರನ ಪುಡಿಯ ಜೊತೆಗೂಡಿತು. ಆಸ್ಪಿರಿನ್ ಮತ್ತು ಡೋವರ್ ಎಂದು ಬ್ರಿಟಿಷ್ ಸೂತ್ರಗ್ರಂಥಗಳಲ್ಲಿಯೂ ಅದಕ್ಕೆ ಸ್ಥಾನ ಸಿಕ್ಕಿತು. ಅಲ್ಲಿಂದ ಮುಂದೆ ಕಚ್ಚಾ ಅಫೀಮು ಹೋಗಿ ಅದರ ಸೌಮ್ಯವಾದ ಸತ್ತ್ವ ಕೋಡೀನ್ ಬಂದಿತು. 1832ರಲ್ಲಿ ಪಿಯರ್ ರೋಬಿಕೆ ಬೇರ್ಪಡಿಸಿದ ವಸ್ತುವಿದು. ಅಮೆರಿಕದಲ್ಲಿ 1950ರ ಹೊತ್ತಿಗೆ ಆಕ್ಸಿಕೋಡೋನ್ ಎಂಬ ಇನ್ನಷ್ಟು ಪ್ರಬಲವಾದುದನ್ನೇ ಆಸ್ಪಿರಿನ್ನಿನೊಡನೆ ಕೂಡಿಸಿ ಪರ್ಕೊಡಾನ್ ಎಂಬ ಹೆಸರಿನಲ್ಲಿ ಮಾರತೊಡಗಿದರು. ಗುಳಿಗೆಯೊಳಗೆ ಇಪೆಕಾಕ್ ಇಲ್ಲವಾಯಿತು; ಹಳೆಯ ಬೇಲಿ ಬಿದ್ದುಹೋದುದನ್ನು ಯಾರೂ ಗಮನಿಸಿದಂತಿಲ್ಲ.

ಡೋವರನ ಪುಡಿಯ ದಿನಗಳ ದವಾಖಾನೆಯ ಕಾಂಪೌಂಡರನ ಮೇಜನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಿಕ್ಸ್ಚರು ತುಂಬಿದ ಸೀಸೆಯ ಬೆನ್ನಿಗೆ ಕಾಗದದ ಪಟ್ಟಿಯೊಂದನ್ನು ಮಡಚಿ, ಅಂಚಿನಲ್ಲಿ ಕತ್ತರಿಯಿಂದ ಹಲ್ಲುಹಲ್ಲಾಗಿ ಕತ್ತರಿಸಿ, ಗೋಂದಿನಿಂದ ಅಂಟಿಸುತ್ತಿದ್ದರು. ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿನವರೆಗೆ ಒಂದು ಹೊತ್ತಿನ ಮದ್ದು. ಓದುಬರಹ ತಿಳಿಯದ ರೋಗಿಗೂ ಎಷ್ಟು ಕುಡಿಯಬೇಕೆಂಬುದು ಕಣ್ಣಿಗೆ ಕಾಣುತ್ತಿದ್ದಿತು. ಪುಡಿಯಾದರೆ ಸಣ್ಣ ತಕ್ಕಡಿಯಲ್ಲಿ ತೂಗಿ, ಚೌಕಾಕಾರದ ಕಾಗದಗಳನ್ನು ಸಾಲಾಗಿ ಹಾಸಿ, ಚಪ್ಪಟೆಯಾದ ಅಲಗಿನಿಂದ ಸಮಭಾಗ ಮಾಡಿ, ಪೊಟ್ಟಣ ಕಟ್ಟಿ, ಬೆಳಗಿಗೊಂದು, ರಾತ್ರಿಗೊಂದು ಎಂದು ಬಾಯಲ್ಲಿ ಹೇಳಿ ಕೊಡುತ್ತಿದ್ದರು. ಈ ಪದ್ಧತಿಯಲ್ಲಿ ದೋಷಗಳು ಹೇರಳವಾಗಿದ್ದುವು. ಕಲಬೆರಕೆಯ ಮತ್ತು ಶಕ್ತಿಹೀನವಾದ ಮದ್ದುಗಳ ಹಾವಳಿಯನ್ನು ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯ ಔಷಧ ವಿಚಾರಣಾ ಸಮಿತಿಯು 1930–31ರಲ್ಲಿ ವಿಸ್ತಾರವಾಗಿ ಬಯಲಿಗೆಳೆದುದರ ಫಲವಾಗಿಯೇ 1940ರ ಔಷಧ ಕಾಯಿದೆ ಬಂದಿತು. ಆದರೂ ಒಂದು ಗುಣವನ್ನು ಒಪ್ಪಿಕೊಳ್ಳಬೇಕು: ಆ ಪೊಟ್ಟಣದಲ್ಲಿ ಏನೇನು ಎಷ್ಟೆಷ್ಟು ಇದೆಯೆಂಬುದು ಅದನ್ನು ಕಟ್ಟಿದ ಕೈಗೆ ತಿಳಿದಿರುತ್ತಿದ್ದಿತು, ಏಕೆಂದರೆ ಪ್ರತಿಯೊಂದನ್ನೂ ಅದು ಬೇರೆಬೇರೆಯಾಗಿ ತೂಗಿರುತ್ತಿದ್ದಿತು. ಯಂತ್ರವು ಒತ್ತಿದ ಗುಳಿಗೆಯಲ್ಲಿ ಎರಡು ಔಷಧಗಳು ಒಂದೇ ಹೆಸರಿನಡಿ ಅಡಗಿದ ಮೇಲೆ, ಕೊಡುವವನಿಗೂ ತೆಗೆದುಕೊಳ್ಳುವವನಿಗೂ ಎಣಿಕೆಗೆ ಸಿಕ್ಕುವುದು ಗುಳಿಗೆಯೊಂದೇ.

ಮದ್ದು ಮಿತಿಮೀರಿದಾಗ ರೋಗಿಯಲ್ಲಿ ಏನನ್ನು ಕಾಯಬೇಕೆಂಬ ವಿಷಯದಲ್ಲಿ ಹೈದರಾಬಾದು ಜಗತ್ತಿಗೆ ಒಂದು ಪಾಠವನ್ನು ಬಹು ಹಿಂದೆಯೇ ಹೇಳಲೆತ್ನಿಸಿದ್ದಿತು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಧನಸಹಾಯದಿಂದ, ಅಫ್ಜಲ್‌ಗಂಜ್ ಆಸ್ಪತ್ರೆಯ ಮೇಜರ್ ಎಡ್ವರ್ಡ್ ಲಾರಿ ಅವರು 1888ರಲ್ಲಿಯೂ 1889ರಲ್ಲಿಯೂ ಅರಿವಳಿಕೆಯ ಮದ್ದಾದ ಕ್ಲೋರೋಫಾರಮನ್ನು ಪರೀಕ್ಷಿಸಲು ಎರಡು ಆಯೋಗಗಳನ್ನು ನಡೆಸಿದರು. ಎರಡನೆಯದಕ್ಕೆ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯ ಪರವಾಗಿ ಲಾಡರ್ ಬ್ರಂಟನ್ ಬಂದು ಭಾಗವಹಿಸಿದರು. ಇಲ್ಲಿಯ ವೈದ್ಯಶಾಲೆಯಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಅವರು ಅರಿವಳಿಕೆಯ ಕಾರ್ಯದಲ್ಲಿ ತೊಡಗಿದ ಜಗತ್ತಿನ ಮೊತ್ತಮೊದಲ ಸ್ತ್ರೀಯರ ಸಾಲಿಗೆ ಸೇರುವರು. ನೂರಾರು ಪ್ರಾಣಿಪ್ರಯೋಗಗಳ ಕೊನೆಯಲ್ಲಿ ಆಯೋಗವು ಕೊಟ್ಟ ತೀರ್ಪು, ಕ್ಲೋರೋಫಾರಮಿನಿಂದ ಸಾಯುವವನಲ್ಲಿ ಹೃದಯಕ್ಕಿಂತ ಮೊದಲು ನಿಲ್ಲುವುದು ಉಸಿರು, ಆದುದರಿಂದ ನಾಡಿಯನ್ನಲ್ಲ, ಉಸಿರನ್ನು ಕಾಯಬೇಕು ಎಂಬುದು. ಕ್ಲೋರೋಫಾರಮಿನ ಮಟ್ಟಿಗೆ ಈ ತೀರ್ಪು ನಿಲ್ಲಲಿಲ್ಲ. ಹೃದಯವೇ ಒಮ್ಮೆಗೇ ಲಯತಪ್ಪಿ ನಿಲ್ಲಬಹುದೆಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿಕೊಟ್ಟರು. ಆದರೆ ಅಫೀಮಿನ ವಂಶಕ್ಕೆ ಲಾರಿ ಅವರ ಮಾತು ಅಕ್ಷರಶಃ ಸಲ್ಲುತ್ತದೆ. ಮಾರ್ಫಿನ್ನು, ಕೋಡೀನು, ಟ್ರಮಡಾಲು ಮಿತಿಮೀರಿದಾಗ ಕೊಲ್ಲುವುದು ಬಹುಮಟ್ಟಿಗೆ ಉಸಿರನ್ನು ಕುಗ್ಗಿಸಿಯೇ. ಮದ್ಯವಾಗಲಿ ನಿದ್ರೆಯ ಗುಳಿಗೆಯಾಗಲಿ ಜೊತೆಗೂಡಿದರೆ ಆ ಮಿತಿಯು ಇನ್ನೂ ಕೆಳಕ್ಕೆ ಇಳಿಯುತ್ತದೆ. ಒಂದು ಔಷಧದ ವಿಷಯದಲ್ಲಿ ಸೋತ ಸಿದ್ಧಾಂತವು ಇನ್ನೊಂದರ ಕಾವಲಿಗೆ ಇಷ್ಟು ಚೆನ್ನಾಗಿ ಒದಗುವುದು ವೈದ್ಯೇತಿಹಾಸದಲ್ಲಿ ಅಪರೂಪ. ಲಾರಿ ಅವರ ಶ್ರಮವನ್ನು ಬರಿಯ ಭ್ರಮೆಯೆಂದು ತಳ್ಳಿಹಾಕುವವರು ಇದನ್ನು ನೆನೆಯುವುದು ಒಳ್ಳೆಯದು.

ಸನತ್‌ನಗರವು ಕೈಗಾರಿಕಾ ಬಡಾವಣೆಯಾಗಿ ಬೆಳೆದುದು 1940ರ ದಶಕದಲ್ಲಿ. 1942ರಲ್ಲಿ ಸಂಸ್ಥಾನದ ಸಹಭಾಗಿತ್ವದಲ್ಲಿ ಹುಟ್ಟಿದ ಆಲ್ವಿನ್ ಲೋಹದ ಕಾರ್ಖಾನೆಯು ಉಕ್ಕಿನ ಪೀಠೋಪಕರಣಗಳನ್ನೂ ಬಸ್ಸುಗಳ ಮೈಕಟ್ಟನ್ನೂ ಕಾಲಕ್ರಮದಲ್ಲಿ ರೆಫ್ರಿಜರೇಟರುಗಳನ್ನೂ ತಯಾರಿಸಿತು. ಸುತ್ತಲೂ ಚಿಕ್ಕದೊಡ್ಡ ಕಾರ್ಖಾನೆಗಳು ಎದ್ದುವು. 1948ರ ಕಾರ್ಮಿಕರ ರಾಜ್ಯವಿಮಾ ಕಾಯಿದೆಯಂತೆ, 1952ರ ಫೆಬ್ರವರಿ 24ರಂದು ಕಾನಪುರದಲ್ಲಿಯೂ ದೆಹಲಿಯಲ್ಲಿಯೂ ಮೊದಲಾದ ಇಎಸ್ಐ ಯೋಜನೆಯು ದಕ್ಷಿಣಕ್ಕೂ ಹಬ್ಬಿ, ಸನತ್‌ನಗರದ ಇಎಸ್ಐ ಆಸ್ಪತ್ರೆಯು ಈ ಕಾರ್ಮಿಕರ ಆಸ್ಪತ್ರೆಯಾಯಿತು. ಜಗತ್ತಿನ ಯಾವ ಕಾರ್ಖಾನೆಯ ದವಾಖಾನೆಗೂ ಅತ್ಯಂತ ಹೆಚ್ಚಾಗಿ ಬರುವ ರೋಗವೊಂದಿದ್ದರೆ ಅದು ನೋವು: ತಗಡು ಬಗ್ಗಿಸುವವನ ಸೊಂಟನೋವು, ಬೆಸುಗೆ ಹಾಕುವವನ ಕಣ್ಣಿನ ಉರಿ ಮತ್ತು ತಲೆನೋವು, ರಾತ್ರಿಪಾಳಿಯವನ ಮೈಕೈನೋವು. ಇಂಥ ನೋವಿಗೆ ಎಂದು ಆ ಕಾಲದಲ್ಲಿ ದೇಶದ ದವಾಖಾನೆಗಳಲ್ಲೆಲ್ಲ ಕೈಗೆ ಸಿಕ್ಕುತ್ತಿದ್ದುದು ಎಪಿಸಿ ಗುಳಿಗೆ. ಆಸ್ಪಿರಿನ್, ಫೆನಸಿಟಿನ್, ಕೆಫೀನ್ ಮೂರೂ ಸೇರಿದುದು. ಬ್ರಿಟಿಷ್ ಫಾರ್ಮಕೋಪಿಯದ ಇನ್ನೊಂದು ಗುಳಿಗೆಯಲ್ಲಿ ಕೆಫೀನಿನ ಬದಲು ಕೋಡೀನ್ ಇರುತ್ತಿದ್ದಿತು. ಹೈದರಾಬಾದಿನ ಬೀದಿಗಳಲ್ಲಿ ಇವೆಲ್ಲಕ್ಕೂ ಒಂದೇ ಹೆಸರು, ದರ್ದ್ ಕೀ ಗೋಲಿ. ಬೀದರಿನಿಂದ ಬಂದವರ ಬಾಯಲ್ಲಿ ಅದೇ ತಲಿಬ್ಯಾನಿ ಗುಳಿಗಿ.

ಇಂಥ ಗುಳಿಗೆ ದುಡಿಮೆಯ ಅಂಗವಾಗಿಬಿಟ್ಟರೆ ಏನಾಗುವುದೆಂಬುದಕ್ಕೆ ಸ್ವೀಡನ್ನಿನ ಹುಸ್ಕ್‌ವರ್ನ ಪಟ್ಟಣದ ಕಥೆ ಸಾಕ್ಷಿ. 1918ರ ಇನ್‌ಫ್ಲುಯೆಂಜ ಮಾರಿಯ ಕಾಲದಲ್ಲಿ ಅಲ್ಲಿಯ ವೈದ್ಯನೊಬ್ಬನು ಫೆನಸಿಟಿನ್, ಫೆನಜೋನ್, ಕೆಫೀನ್‌ಗಳ ಪುಡಿಯೊಂದನ್ನು ಬರೆದುಕೊಟ್ಟನು. ಜ್ವರ ಹೋದ ಮೇಲೂ ಪುಡಿ ಹೋಗಲಿಲ್ಲ. ಶಸ್ತ್ರಾಸ್ತ್ರ ಕಾರ್ಖಾನೆಯ ಕಾರ್ಮಿಕರು ಕೆಲಸದ ಬಿರುಸು ತಾಳಲು ಅದನ್ನು ಪ್ರತಿದಿನ ತೆಗೆದುಕೊಳ್ಳತೊಡಗಿ, ಅಭ್ಯಾಸವು ತಲೆಮಾರುಗಳವರೆಗೆ ಮುಂದುವರಿದು, ಕೊನೆಗೆ ಮೂತ್ರಪಿಂಡಗಳು ಹಾಳಾದ ರೋಗಿಗಳ ಸಂಖ್ಯೆ ವೈದ್ಯರ ಕಣ್ಣು ತೆರೆಯಿಸಿತು. ಸ್ವಿಟ್ಜರ್ಲೆಂಡಿನಲ್ಲಿ 1953ರಲ್ಲಿ ಸ್ಪ್ಯೂಲರ್ ಮತ್ತು ಜೋಲಿಂಗರ್ ಇದೇ ಬಗೆಯ ಮೂತ್ರಪಿಂಡರೋಗವನ್ನು ವರ್ಣಿಸಿದರು. ಬಿಡಿಬಿಡಿಯಾಗಿ ಸೌಮ್ಯವೆನಿಸಿದ ಔಷಧಗಳೇ ಒಂದೇ ಪೊಟ್ಟಣದೊಳಗೆ ಕೂಡಿ ಅಭ್ಯಾಸವನ್ನು ಹುಟ್ಟಿಸಿದಾಗ ಹೇಗೆ ಬೇರೆಯದೇ ರೋಗವಾಗಿ ಪರಿಣಮಿಸುವುವೆಂಬುದನ್ನು ಅರಿಯಲು ವೈದ್ಯಲೋಕಕ್ಕೆ ಅರ್ಧ ಶತಮಾನ ಬೇಕಾಯಿತು. ಭಾರತವು ಫೆನಸಿಟಿನ್ನನ್ನು ನಿಷೇಧಿಸಿದುದು 1983ರ ಜುಲೈಯಲ್ಲಿ. ನೋವಿನ ಮದ್ದುಗಳಿಗೆ ವಿಟಮಿನ್ನನ್ನು ಬೆರೆಸುವ ಪರಿಪಾಠವೂ ಅದೇ ಆಜ್ಞೆಯಿಂದ ನಿಂತಿತು. ಸನತ್‌ನಗರದ ನೆರೆಯ ಬಾಲಾನಗರದಲ್ಲಿ, ಸೋವಿಯತ್ ನೆರವಿನದೆಂದು ಮೊದಲು ಹೇಳಿದ ಐಡಿಪಿಎಲ್ ಸಂಸ್ಥೆಯ ಕೃತಕ ಔಷಧಗಳ ಸ್ಥಾವರವು ಸಲ್ಫಾ ಮದ್ದುಗಳನ್ನೂ ವಿಟಮಿನ್ನುಗಳನ್ನೂ ಅನಾಲ್ಜಿನ್ನನ್ನೂ ಟನ್ನುಗಟ್ಟಲೆ ತಯಾರಿಸಿ, ಈ ಸೀಮೆಯ ಔಷಧೋದ್ಯಮಕ್ಕೇ ತಾಯಿಬೇರಾದುದು ಈ ನಡುವಣ ಕಾಲದಲ್ಲಿಯೇ. ಡಾ. ರೆಡ್ಡೀಸ್ ಸಂಸ್ಥೆಯನ್ನು 1984ರಲ್ಲಿ ಕಟ್ಟಿದ ಕೆ. ಅಂಜಿ ರೆಡ್ಡಿ ಅವರು ಅಲ್ಲಿ ಕೆಲಸಮಾಡಿ ಬಂದವರು.

ಇನ್ನು ಆಸ್ಪಿರಿನ್–ಕೋಡೀನ್ ಗುಳಿಗೆಯ ಲೆಕ್ಕ. ಬ್ರಿಟಿಷ್ ಫಾರ್ಮಕೋಪಿಯದ ಪ್ರಕಾರ ಅದರಲ್ಲಿ ಆಸ್ಪಿರಿನ್ 400 ಮಿಲಿಗ್ರಾಂ, ಕೋಡೀನ್ 8 ಮಿಲಿಗ್ರಾಂ. ಹತ್ತು ಗುಳಿಗೆಗಳನ್ನು ನುಂಗಿದರೆ ಆಸ್ಪಿರಿನ್ 4 ಗ್ರಾಂ ಆಗಿ, ಪ್ರಾಯದವರ ದಿನದ ಗರಿಷ್ಠ ಮಿತಿ ಮುಗಿಯುತ್ತದೆ. ಕೋಡೀನ್ ಆದರೋ 80 ಮಿಲಿಗ್ರಾಮಿಗೆ ಬಂದು, ತನ್ನ 240ರ ಮಿತಿಯ ಮೂರನೆಯ ಒಂದು ಪಾಲಿನಲ್ಲಿಯೇ ನಿಂತಿರುತ್ತದೆ. ಒಂದರ ಲೆಕ್ಕ ತೀರಿದಾಗ ಇನ್ನೊಂದರದು ಅರ್ಧವೂ ಆಗಿರುವುದಿಲ್ಲ. ಇದರ ಮೇಲೆ, ಅಫೀಮಿನ ವಂಶದ ಮದ್ದುಗಳಿಗೆ ದೇಹವು ಒಗ್ಗಿಕೊಂಡು ಹೆಚ್ಚುಹೆಚ್ಚಾಗಿ ಬೇಡತೊಡಗುತ್ತದೆ. ಆಸ್ಪಿರಿನ್ನಿಗೆ ಜಠರವು ಹಾಗೆ ಒಗ್ಗುವುದಿಲ್ಲ. ಕೋಡೀನಿನ ಆಸೆಗೆ ಗುಳಿಗೆಗಳನ್ನು ಹೆಚ್ಚಿಸಿಕೊಂಡವನು ತಾನರಿಯದೆಯೇ ಆಸ್ಪಿರಿನ್ನನ್ನೂ ಹೆಚ್ಚಿಸಿಕೊಂಡಿರುತ್ತಾನೆ, ಹಾಗೂ ಅವನ ಹೊಟ್ಟೆಯೊಳಗಣ ಹುಣ್ಣು ಒಂದು ದಿನ ಕಪ್ಪು ಮಲವಾಗಿ ಕಾಣಿಸಿಕೊಳ್ಳುವ ತನಕ ಯಾರಿಗೂ ಸುಳಿವಿರುವುದಿಲ್ಲ. ಕಾಲದ ಲೆಕ್ಕವೂ ಬೇರೆ. ನೋವನ್ನು ಆಸ್ಪಿರಿನ್ನು ಕೆಲವು ಗಂಟೆಗಳ ಮಟ್ಟಿಗೆ ತಡೆದರೆ, ರಕ್ತದ ಕಿರುಬಿಲ್ಲೆಗಳನ್ನು ಅವುಗಳ ಆಯುಸ್ಸಿನುದ್ದಕ್ಕೂ, ಎಂದರೆ ವಾರದಿಂದ ಹತ್ತು ದಿನದವರೆಗೆ, ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಕೋಡೀನ್ ತಾನಾಗಿ ನೋವನ್ನು ಹೆಚ್ಚಾಗಿ ಕಳೆಯದು. ಯಕೃತ್ತಿನಲ್ಲಿ ಅದರ ಒಂದಂಶವು ಮಾರ್ಫಿನ್ ಆಗಿ ಮಾರ್ಪಟ್ಟಾಗಲೇ ಗುಣ. ಈ ಮಾರ್ಪಾಡು ಹುಟ್ಟಿನಿಂದಲೇ ಕೆಲವರಲ್ಲಿ ಬಹು ನಿಧಾನ, ಕೆಲವರಲ್ಲಿ ಅತಿ ಶೀಘ್ರ. ಶೀಘ್ರವಾದ ಮಕ್ಕಳಲ್ಲಿ ಟಾನ್ಸಿಲ್ ಶಸ್ತ್ರಕ್ರಿಯೆಯ ಬಳಿಕ ಕೊಟ್ಟ ಸಾಮಾನ್ಯ ಪ್ರಮಾಣವೇ ಉಸಿರನ್ನು ನಿಲ್ಲಿಸಿದ ದುರಂತಗಳಾದ ಮೇಲೆ, 2017ರಲ್ಲಿ ಅಮೆರಿಕದ ಔಷಧ ಆಡಳಿತವು ಹನ್ನೆರಡು ವರ್ಷಕ್ಕೆ ಕಿರಿಯರಿಗೆ ಕೋಡೀನನ್ನು ಕೂಡದೆಂದಿತು. ಮಕ್ಕಳಿಗೆ ಆಸ್ಪಿರಿನ್ನೂ ಸಲ್ಲದು. ವೈರಸ್ ಜ್ವರದಲ್ಲಿ ಅದರಿಂದ ರೇ ರೋಗವೆಂಬ ಮೆದುಳು–ಯಕೃತ್ತುಗಳ ಕ್ಷೋಭೆ ಬರುವುದುಂಟು.

ಕಾಯಿದೆಯು ಇದನ್ನೆಲ್ಲ ಸರಿಪಡಿಸಲು ಯತ್ನಿಸಿದ ರೀತಿಯಲ್ಲಿ ಒಂದು ದೊಡ್ಡ ಅನ್ಯಾಯವೂ ನಡೆದುಹೋಯಿತೆಂಬುದನ್ನು ಮುಚ್ಚಿಡಲಾಗದು. 1985ರ ಮಾದಕದ್ರವ್ಯ ಕಾಯಿದೆಯ ಕಠಿಣ ಶಿಕ್ಷೆಗಳಿಗೆ ಹೆದರಿ ಆಸ್ಪತ್ರೆಗಳೂ ಅಂಗಡಿಗಳೂ ಮಾರ್ಫಿನ್ನನ್ನು ಇಡುವುದನ್ನೇ ಬಿಟ್ಟುವು. 1997ರ ಹೊತ್ತಿಗೆ ದೇಶದಲ್ಲಿ ಔಷಧವಾಗಿ ಬಳಕೆಯಾಗುತ್ತಿದ್ದ ಮಾರ್ಫಿನ್ ಶೇಕಡಾ 97ರಷ್ಟು ಕುಸಿದಿದ್ದಿತು. ಗಾಜೀಪುರದಲ್ಲಿಯೂ ನೀಮಚಿನಲ್ಲಿಯೂ ಸರ್ಕಾರವೇ ಅಫೀಮಿನ ಕಾರ್ಖಾನೆ ನಡೆಸುವ ಈ ದೇಶದಲ್ಲಿ, ಅರ್ಬುದರೋಗದ ಕೊನೆಯ ಘಟ್ಟದಲ್ಲಿದ್ದವರು ಆಸ್ಪಿರಿನ್ ಜಾತಿಯ ಗುಳಿಗೆಗಳನ್ನು ನುಂಗುತ್ತ ನರಳಿದರು. 1955ರಲ್ಲಿ ಆರಂಭವಾದ ಹೈದರಾಬಾದಿನ ಮೆಹದಿ ನವಾಜ್ ಜಂಗ್ ಕ್ಯಾನ್ಸರ್ ಆಸ್ಪತ್ರೆಗೆ ಕಲ್ಯಾಣ ಕರ್ನಾಟಕದಿಂದಲೂ ರೋಗಿಗಳು ಬರುತ್ತಾರೆ; ಡಾ. ಗಾಯತ್ರಿ ಪಾಲಟ್ ಅವರು ಅಲ್ಲಿ ಕಟ್ಟಿದ ಉಪಶಮನ ವಿಭಾಗವು ಬಾಯಿಂದ ಕೊಡುವ ಮಾರ್ಫಿನ್ನನ್ನು ಮರಳಿ ತಂದುದು ಈ ನಗರದ ವೈದ್ಯೇತಿಹಾಸದ ಹೆಮ್ಮೆಯ ಅಧ್ಯಾಯ. ಕಾಯಿದೆಯೂ 2014ರಲ್ಲಿ ತಿದ್ದುಪಡಿಯಾಗಿ, ಮಾರ್ಫಿನ್, ಕೋಡೀನ್ ಮೊದಲಾದ ಆರು ಮದ್ದುಗಳು ಅತ್ಯವಶ್ಯಕವೆಂದು ಪರಿಗಣಿತವಾಗಿ, ಪರವಾನಗಿಯ ಸಿಕ್ಕುಗಳು ಸಡಿಲವಾದುವು. ಪ್ರಬಲವಾದ ನೋವಿಗೆ ಒಂದೇ ಮದ್ದನ್ನು ಬಲ್ಲ ವೈದ್ಯನೊಬ್ಬನು ಅಳೆದು ಕೊಡುವುದು, ಸೌಮ್ಯವಾದ ಎರಡನ್ನು ಬೆರೆಸಿ ಯಾರೋ ಕೊಡುವುದಕ್ಕಿಂತ ಎಷ್ಟೋ ನಿರಪಾಯವೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಫೀಮಿನ ವಂಶದ್ದೇ ಆಗಿ, ಇತರ ಮದ್ದುಗಳೊಡನೆ ಬೆರೆಸಿ ಕೊಡುತ್ತಿದ್ದ ಡೆಕ್ಸ್‌ಟ್ರೊಪ್ರಾಪಾಕ್ಸಿಫೀನ್ ಎಂಬ ಇನ್ನೊಂದು ಮದ್ದು ಹೃದಯದ ಲಯವನ್ನು ಕೆಡಿಸುವುದೆಂದು 2013ರ ಮೇ ತಿಂಗಳಲ್ಲಿ ಇಲ್ಲಿ ನಿಷಿದ್ಧವಾಯಿತು. 2014ರ ಮಾರ್ಚಿಯಿಂದ ಕೋಡೀನ್, ಟ್ರಮಡಾಲ್ ಮುಂತಾದುವು ಎಚ್1 ಅನುಸೂಚಿಗೆ ಸೇರಿ, ಅಂಗಡಿಯವನು ಚೀಟಿ ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಮದ್ದು, ಪ್ರಮಾಣ ಇವನ್ನು ಬೇರೆ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಕಾಯ್ದಿಡಬೇಕಾಯಿತು. ಆದರೆ ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ ನಾಲ್ಕೇ ಗುಳಿಗೆ ಕೊಡುವ ರೂಢಿಯಲ್ಲಿ, ಹೆಸರು ಒಂದು ತುಂಡಿನಲ್ಲಿಯೂ ಅವಧಿ ಮುಗಿಯುವ ತಾರೀಖು ಇನ್ನೊಂದರಲ್ಲಿಯೂ ಉಳಿದು, ಮನೆಗೆ ಬರುವುದು ಹೆಸರಿಲ್ಲದ ಬಿಳಿಯ ಬಿಲ್ಲೆ. ಸನತ್‌ನಗರದ ಸುತ್ತ ಮಳೆಗಾಲದಲ್ಲಿ ಡೆಂಗಿ ಹಬ್ಬಿದಾಗ ಇದು ಸಣ್ಣ ಮಾತಲ್ಲ. ಡೆಂಗಿಯಲ್ಲಿ ಕಿರುಬಿಲ್ಲೆಗಳು ಮೊದಲೇ ಇಳಿದಿರುವಾಗ ಆ ಬಿಳಿಯ ಬಿಲ್ಲೆಯಲ್ಲಿ ಆಸ್ಪಿರಿನ್ ಇದ್ದರೆ ರಕ್ತಸ್ರಾವಕ್ಕೆ ಬಾಗಿಲು ತೆರೆದಂತೆ. ಎಚ್ಚರವುಳ್ಳ ವೈದ್ಯನು ಬರೆಯುವ ಮೊದಲು ಕೇಳುವನು: ಹೊಟ್ಟೆಯ ಹುಣ್ಣುಂಟೆ, ಉಬ್ಬಸವುಂಟೆ, ಹೃದಯಕ್ಕೆಂದು ದಿನವೂ ಆಸ್ಪಿರಿನ್ ನುಂಗುವಿರೆ, ರಾತ್ರಿ ನಿದ್ರೆಯ ಗುಳಿಗೆ ಉಂಟೆ, ಕುಡಿಯುವ ಅಭ್ಯಾಸವುಂಟೆ, ಗರ್ಭಿಣಿಯೆ. ಕೊಟ್ಟರೆ ಕೆಲವೇ ದಿನಗಳಿಗೆ ಕೊಟ್ಟು, ಮಲಬದ್ಧತೆಗೆ ಉಪಾಯ ಹೇಳಿ, ಮತ್ತೆ ಬಂದು ಕಾಣಿರೆನ್ನುವನು.

ಈಗ ನಮ್ಮ ಅಂಗಡಿಗಳಲ್ಲಿ ಅಫೀಮಿನ ಬಂಧುಗಳ ಜೊತೆಗಾರನಾಗಿ ಆಸ್ಪಿರಿನ್ನಿನ ಸ್ಥಾನವನ್ನು ಪ್ಯಾರಾಸಿಟಮಾಲ್ ಆಕ್ರಮಿಸಿದೆ. ಟ್ರಮಡಾಲ್ 37.5, ಪ್ಯಾರಾಸಿಟಮಾಲ್ 325 ಎಂಬುದು ಈಗಿನ ವಾಡಿಕೆಯ ಗುಳಿಗೆ. ಹೊಟ್ಟೆಯ ರಕ್ತಸ್ರಾವದ ಭಯ ಹೋಗಿ ಯಕೃತ್ತಿನ ಭಯ ಬಂದಿದೆ. ಮುರಿದ ಮೂಳೆಗೆಂದು ಅದನ್ನು ದಿನಕ್ಕೆ ಎಂಟು ನುಂಗುವವನು, ನಡುವೆ ಜ್ವರ ಬಂದಿತೆಂದು 650ರ ಪ್ಯಾರಾಸಿಟಮಾಲ್ ಗುಳಿಗೆಯನ್ನು ಬೇರೆಯಾಗಿ ಮೂರು ಹೊತ್ತು ತೆಗೆದುಕೊಂಡರೆ ಒಟ್ಟು 4,550 ಮಿಲಿಗ್ರಾಂ ಆಗಿ, ದಿನದ ಮಿತಿಯಾದ 4,000ವನ್ನು ಅವನು ದಾಟಿರುವನು. ಎರಡೂ ಚೀಟಿಗಳನ್ನು ಒಟ್ಟಿಗೆ ಇಟ್ಟು ಕೂಡಿಸಿ ನೋಡುವ ಅಂಗಡಿಯವನಿದ್ದಲ್ಲಿ ಅದು ಆಗದು. ಆದುದರಿಂದ ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ, ಕತ್ತರಿಸಿದ ತುಂಡುಗಳ ಸಹಿತವಾಗಿ, ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿಗೆ ಹೋಗಿರೆಂದು ಕಲಬುರಗಿ ಬೀದರಗಳಿಂದ ಈ ಹಾದಿಯಲ್ಲಿ ಬರುವ ನಮ್ಮವರಿಗೆ ನಾನು ಹೇಳುತ್ತೇನೆ.